ಪಂಚರು ಎಲ್ಲಿ ಸ್ವಾಮಿ?

ನನ್ನ ಪೊಲೀಸ್ ಕಾಮಿಡಿ ಧಾರಾವಾಹಿಯ ಮೊದಲ ಎಪಿಸೋಡಿನ ಸ್ಕ್ರಿಪ್ಟನ್ನು ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್‌ಗೆ ಓದಲು ಕೊಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯ ಪುಟದವರೆಗೂ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಾ ಚೆನ್ನಾಗಿದೆ. ಪಂಚರು ಎಲ್ಲಿ ಸ್ವಾಮಿ?"

ನಾನು ಬರೆದಿದ್ದು ಹೀಗಿತ್ತು. ಅವೆನ್ಯೂ ರಸ್ತೆಯ ಒಂದು ಅಂಗಡಿಯಲ್ಲಿ ಕಳ್ಳತನ ಆಗಿದೆ. ಪಿಎಸ್‌ಐ ಗಿರಿಜಾ ಬರುತ್ತಾಳೆ. ಬೀಗ ನೋಡುತ್ತಾಳೆ, ನೆಲ ನೋಡುತ್ತಾಳೆ, ಕಳ್ಳ ಯಾರು ಅಂತ ಅವಳಿಗೆ ಹೊಳೆಯುತ್ತದೆ. ಪಕ್ಕದಲ್ಲಿ ಇಬ್ಬರು ಪೇದೆಗಳು ಎಡವಿ ಬೀಳುತ್ತಾರೆ. ಆ ಎಡವುವುದೇ ಕಾಮಿಡಿ ಅಂತ ಅಂದುಕೊಂಡಿದ್ದೆ.

ಅವರು ಕಾಫಿ ಕುಡಿಯುತ್ತಾ ನಿಧಾನವಾಗಿ ಹೇಳಿದರು. ಸ್ಥಳಕ್ಕೆ ಹೋದ ಮೇಲೆ ಮಹಜರು, ಅಂದರೆ ಅಲ್ಲಿ ಕಂಡಿದ್ದರ ವರದಿ, ಬರೆಯಬೇಕು. ಅದಕ್ಕೆ ಆ ಜಾಗದ ಇಬ್ಬರು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಬೇಕು. ಬೆಂಗಳೂರಿನಲ್ಲಿ ಕಳ್ಳನಾದರೂ ಸಿಗುತ್ತಾನೆ, ಪಂಚರು ಸಿಗೋದು ಕಷ್ಟ. ಸಹಿ ಹಾಕಿದರೆ ಇನ್ನು ಮೂರೋ ನಾಲ್ಕೋ ವರ್ಷಕ್ಕೆ ಕೋರ್ಟಿಂದ ಕರೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. "ಮಹಜರು ಅಂತ ಬಾಯಿ ಬಿಟ್ಟರೆ ಸಾಕು, ಅಲ್ಲಿವರೆಗೂ ಗುಂಪು ಕಟ್ಟಿಕೊಂಡು ನೋಡ್ತಾ ಇದ್ದವರಿಗೆಲ್ಲ ಒಟ್ಟಿಗೆ ಫೋನ್ ಬರುತ್ತೆ" ಅಂದರು.

ಅವತ್ತು ರಾತ್ರಿ ಮನೆಗೆ ಬಂದು ಹಳೆಯದನ್ನು ಪೂರ್ತಿ ತೆಗೆದುಹಾಕಿದೆ. ಹೊಸ ದೃಶ್ಯದಲ್ಲಿ ಗಿರಿಜಾ ಪಂಚರಿಗಾಗಿ ಬೀದಿಯಲ್ಲಿ ಅಲೆಯುತ್ತಾಳೆ. ಪುಸ್ತಕದ ಅಂಗಡಿಯವರು ಷಟರ್ ಅರ್ಧ ಎಳೆಯುತ್ತಾರೆ. ಹೂವಿನವಳು, "ನಂಗೆ ಓದಕ್ಕೆ ಬರಲ್ಲ ಮೇಡಂ" ಅಂತ ಹೇಳಿ ತಿರುಗಿ ಪೇಪರ್ ಓದುತ್ತಾಳೆ. ಕೊನೆಗೆ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಖುಷಿಯಿಂದ ಒಪ್ಪುತ್ತಾರೆ. ಅವರು ಮಹಜರನ್ನು ಮೊದಲಿಂದ ಕೊನೆವರೆಗೂ ಓದಿ ಕಾಗುಣಿತ ತಿದ್ದುತ್ತಾರೆ. "ಅಮಾನತ್ತುಪಡಿಸಿಕೊಂಡು ಅನ್ನೋದು ಒಂದೇ ಪುಟದಲ್ಲಿ ಏಳು ಸಲ ಬಂದಿದೆಯಲ್ಲಮ್ಮ, ಇನ್ನೊಂದು ಸಲ ನೀಟಾಗಿ ಬರಿ" ಅನ್ನುತ್ತಾರೆ. ಅಷ್ಟರಲ್ಲಿ ಗಿರಿಜಾಳ ಫೋನ್ ಹೊಡೆದುಕೊಳ್ಳುತ್ತಿದೆ. ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್ ಮುಗಿಯುವ ಹೊತ್ತು.

ಪೊಲೀಸ್ ಕೆಲಸ ಮತ್ತು ಮನೆ, ಎರಡೂ ಒಂದೇ ಹೊತ್ತಿಗೆ ಕೈ ಹಿಡಿದು ಎಳೆಯುತ್ತವೆ. ನಗು ಅಲ್ಲಿದೆ. ಅದನ್ನು ಹೊರಗಿಂದ ತಂದು ಅಂಟಿಸಬೇಕಾಗಿಲ್ಲ. ಮುಂದಿನ 26 ಎಪಿಸೋಡುಗಳನ್ನು ಈ ಒಂದು ನಂಬಿಕೆಯ ಮೇಲೆ ಬರೆದೆ.

ಪತ್ತೇದಾರಿ ಅಂದ ತಕ್ಷಣ ನಮಗೆ ಬೇರೆ ಯಾವುದೋ ದೇಶದ ಚಿತ್ರ ಕಣ್ಣ ಮುಂದೆ ಬರುತ್ತದೆ, ಅಲ್ವಾ? ನಮ್ಮ ಠಾಣೆಗಳಲ್ಲಿ ಡಿಟೆಕ್ಟಿವ್ ಅನ್ನುವ ಹುದ್ದೆ ಇಲ್ಲ. ಠಾಣೆಯಲ್ಲಿ ಕ್ರೈಂ ಪಿಎಸ್‌ಐ ಇರುತ್ತಾರೆ, ಅವರ ಕೆಳಗೆ ಕ್ರೈಂ ಹುಡುಗರು ಇರುತ್ತಾರೆ. ದೊಡ್ಡ ಕೇಸುಗಳಿಗೆ ಸಿಸಿಬಿ, ಅಂದರೆ ನಗರ ಪೊಲೀಸರ ಕೇಂದ್ರ ಅಪರಾಧ ವಿಭಾಗ, ಇದೆ. ಚಾನೆಲ್‌ನವರು ಮೊದಲು ಸಿಸಿಬಿ ಕಥೆಯನ್ನೇ ಕೇಳಿದರು. ನಾನು ಠಾಣೆಯೇ ಬೇಕು ಅಂತ ಹಟ ಹಿಡಿದೆ. ಕ್ರೈಂ ಪಿಎಸ್‌ಐ ಬೆಳಿಗ್ಗೆ ಸರಗಳ್ಳನ ಹಿಂದೆ ಹೋಗಿರುತ್ತಾಳೆ. ಮಧ್ಯಾಹ್ನ ಯಾರೋ ಮಂತ್ರಿ ಬರುತ್ತಾರೆ ಅಂತ ಅವಳನ್ನು ಬಂದೋಬಸ್ತಿಗೆ ಹಾಕುತ್ತಾರೆ. ಕರಗದ ರಾತ್ರಿ ಅವಳು ತಿಗಳರಪೇಟೆಯಲ್ಲಿ ಹಗ್ಗ ಹಿಡಿದು ನಿಂತಿರುತ್ತಾಳೆ. ಕೇಸು ಅಲ್ಲೇ ಮೇಜಿನ ಮೇಲೆ ಕಾಯುತ್ತಿರುತ್ತದೆ.

ಮಾಹಿತಿ ಹೇಗೆ ಸಿಕ್ಕಿತು ಅಂತ ಜಾಸ್ತಿ ಜನ ಕೇಳುತ್ತಾರೆ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮೂರು ವಾರ ಸುಮ್ನೆ ಕೂತಿದ್ದೆ. ಕೋರ್ಟ್ ಹಾಲ್ ಎಲ್ಲರಿಗೂ ತೆರೆದಿರುತ್ತದೆ, ಕೂತು ನೋಡಬಹುದು. ಫೈಲ್ ಹಿಡಿದು ಓಡಾಡುವ ಕೋರ್ಟ್ ಡ್ಯೂಟಿಯ ಪೇದೆಗಳ ಜೊತೆ ಹೊರಗೆ ಟೀ ಕುಡಿದೆ. ಕೇಸಿನ ಬಗ್ಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಲೂ ಬಾರದು. ನಾನು ಕೇಳುತ್ತಿದ್ದದ್ದು, "ಊಟ ಯಾವಾಗ ಮಾಡಿದ್ರಿ?" ಅಂತ ಮಾತ್ರ. ಆ ಪ್ರಶ್ನೆಗೆ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರು. ಡಬ್ಬಿಯಲ್ಲಿ ಹಳಸಿದ ಚಿತ್ರಾನ್ನ, ತಪ್ಪಿಹೋದ ನಾಮಕರಣ, ನಿಂತುಕೊಂಡೇ ತಿಂದ ಮದುವೆ ಊಟ, ಎಲ್ಲ ಬಂತು. ಇಡೀ ಧಾರಾವಾಹಿಯಲ್ಲಿ ಗಿರಿಜಾಳ ಊಟದ ಡಬ್ಬಿ ಒಂದು ಪಾತ್ರದ ಹಾಗೆ ಓಡಾಡುತ್ತದೆ. ಅದು ಹುಟ್ಟಿದ್ದು ಅಲ್ಲಿ.

ನಮ್ಮ ಹೆಡ್ ಕಾನ್‌ಸ್ಟೆಬಲ್ ಪಾತ್ರವೂ ಆ ಕೋರ್ಟಿನ ಕಾರಿಡಾರಿನಲ್ಲೇ ಸಿಕ್ಕಿತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103. ಕಳ್ಳತನದ 379 ಈಗ 303. ಮೋಸದ 420 ಈಗ 318. ಇಪ್ಪತ್ತೈದು ವರ್ಷ ನಂಬರುಗಳನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಮನುಷ್ಯನಿಗೆ ಇದು ಎಂಥ ಕಷ್ಟ! ಠಾಣೆಯಲ್ಲಿ ಎಲ್ಲರೂ ಅವನನ್ನು ಕೇಳಿಯೇ ಸೆಕ್ಷನ್ ಹಾಕುತ್ತಿದ್ದರು. ಈಗ ಹೊಸ ಹುಡುಗರು ಮೊಬೈಲ್ ನೋಡಿ ಅವನಿಗಿಂತ ಮೊದಲು ಹೇಳುತ್ತಾರೆ. ಅವನು ಮೇಜಿನ ಗಾಜಿನ ಕೆಳಗೆ ಪಟ್ಟಿ ಇಟ್ಟುಕೊಂಡು, ಕಾಫಿ ಲೋಟ ಸರಿಸುವ ನೆಪದಲ್ಲಿ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿ ಮಗ್ಗಿ ಕೇಳಿದ ಹಾಗೆ ಕೇಳುತ್ತಾಳೆ. ಜನ ನಕ್ಕರು. ಆದರೆ ಅವನನ್ನು ದಡ್ಡ ಅಂತ ಯಾರೂ ಅಂದುಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಒಂದು ಕಡೆ ತಪ್ಪು ಮಾಡಿದೆ. ನಾಲ್ಕನೇ ಎಪಿಸೋಡಿನಲ್ಲಿ ಫೋನಿನಲ್ಲಿ ದುಡ್ಡು ಕಳೆದುಕೊಂಡ ಹೆಂಗಸು ಠಾಣೆಗೆ ಬರುತ್ತಾಳೆ. ಓಟಿಪಿ ಅಂದರೇನು ಅಂತ ಅವಳಿಗೆ ಗೊತ್ತಿಲ್ಲ. ಅದರ ಮೇಲೆ ನಾಲ್ಕು ಜೋಕ್ ಬರೆದಿದ್ದೆ. ರಿಹರ್ಸಲ್ ಮಾಡುವಾಗ ಸೆಟ್ಟಿನಲ್ಲಿ ಎಲ್ಲರೂ ಜೋರಾಗಿ ನಕ್ಕರು. ಮೇಕಪ್ ವಿಭಾಗದ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ನಾನೂ ಹಿಂಗೇ ಹೋಗಿದ್ದೆ ಸಾರ್. ಅವತ್ತು ಅಲ್ಲೂ ಯಾರೋ ನಕ್ಕಿದ್ರು" ಅಂದಳು. ನನಗೆ ಮಾತೇ ಹೊರಡಲಿಲ್ಲ. ನಿರ್ದೇಶಕರಿಗೆ ಹೇಳಿ ಊಟದ ಬ್ರೇಕ್ ಬೇಗ ಕೊಡಿಸಿ, ಆ ದೃಶ್ಯ ಬೇರೆ ಬರೆದೆ. ಈಗ ಅದರಲ್ಲಿ ಆ ಹೆಂಗಸು ಅಳುತ್ತಾಳೆ, ಗಿರಿಜಾ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ಕೊಡುತ್ತಾಳೆ, ತನ್ನ ಡಬ್ಬಿಯ ಮೊಸರನ್ನ ಮುಂದಿಡುತ್ತಾಳೆ. ನಗು ಬರುವುದು ಹೆಡ್ ಕಾನ್‌ಸ್ಟೆಬಲ್‌ನಿಂದ. ಅವನಿಗೂ ಓಟಿಪಿ ಅಂದರೇನು ಅಂತ ಗೊತ್ತಿಲ್ಲ, ಕೇಳಲು ಸಂಕೋಚ. ಅದಾದ ಮೇಲೆ ಪಿರ್ಯಾದುದಾರರ, ಅಂದರೆ ದೂರು ಕೊಡಲು ಬಂದವರ, ಮೇಲೆ ಒಂದು ಜೋಕನ್ನೂ ನಾನು ಬರೆಯಲಿಲ್ಲ.

ಸೆಟ್ಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಿಜವಾದ ಠಾಣೆಯಲ್ಲಿ ದಿನಗಟ್ಟಲೆ ಶೂಟ್ ಮಾಡುವ ಹಾಗಿಲ್ಲ. ಚಾಮರಾಜಪೇಟೆಯ ಒಂದು ಹಳೇ ಮನೆಯನ್ನೇ ಠಾಣೆ ಮಾಡಿದೆವು. ಬಾಡಿಗೆಗೆ ಬಂದ ಯೂನಿಫಾರ್ಮ್‌ನಲ್ಲಿ ಇನ್ಸ್‌ಪೆಕ್ಟರ್ ಭುಜದ ಮೇಲೆ ಮೂರು ಸ್ಟಾರ್ ಇತ್ತು, ಕೆಂಪು ನೀಲಿ ಪಟ್ಟಿ ಇರಲಿಲ್ಲ. ಪಟ್ಟಿ ಇಲ್ಲದಿದ್ದರೆ ಅವರು ಎಸಿಪಿ ಆಗಿಬಿಡುತ್ತಾರೆ! ಸಬ್ ಇನ್ಸ್‌ಪೆಕ್ಟರ್‌ಗೆ ಎರಡು ಸ್ಟಾರ್ ಮತ್ತು ಪಟ್ಟಿ, ಎಎಸ್‌ಐಗೆ ಒಂದು ಸ್ಟಾರ್ ಮತ್ತು ಪಟ್ಟಿ. ಪೊಲೀಸ್ ಮನೆಗಳಲ್ಲಿ ನೋಡುವವರು ಮೊದಲು ಇದನ್ನೇ ನೋಡುತ್ತಾರೆ. ನಾವು ಶೂಟ್ ಮಾಡುವಾಗ ಕಾನ್‌ಸ್ಟೆಬಲ್‌ಗಳಿಗೆ ಇನ್ನೂ ಹಳೇ ಸ್ಲೌಚ್ ಹ್ಯಾಟೇ ಇತ್ತು. 2025ರ ಅಕ್ಟೋಬರ್‌ನಲ್ಲಿ ನೀಲಿ ಪೀಕ್ ಕ್ಯಾಪ್ ಬಂತು.

ಬರವಣಿಗೆಯ ಲೆಕ್ಕ ಹೀಗೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ನಮಗೆ ಸಿಗುವುದು ಸುಮಾರು 22 ನಿಮಿಷ. ಅದರಲ್ಲಿ ಒಂದು ಕೇಸು ಮುಗಿಯಬೇಕು, ಮನೆಯ ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು. ಒನ್‌ಲೈನ್, ಅಂದರೆ ದೃಶ್ಯಗಳ ಪಟ್ಟಿ, ಬರೆಯುವಾಗ ಎರಡು ಬಣ್ಣದ ಪೆನ್ ಇಟ್ಟುಕೊಳ್ಳುತ್ತಿದ್ದೆ. ಠಾಣೆಗೆ ನೀಲಿ, ಮನೆಗೆ ಕೆಂಪು. ಎರಡು ಬಣ್ಣವೂ ಇರುವ ದೃಶ್ಯ ಒಂದಾದರೂ ಸಿಗುವವರೆಗೆ ಡೈಲಾಗಿಗೆ ಕೂರುತ್ತಿರಲಿಲ್ಲ.

ಕ್ಲೈಮ್ಯಾಕ್ಸಿನಲ್ಲಿ ಆರೋಪಿ ತಪ್ಪೊಪ್ಪಿಕೊಳ್ಳುವ ದೃಶ್ಯವನ್ನು ಪೂರ್ತಿ ಬಿಟ್ಟುಬಿಟ್ಟೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಆರೋಪಿಯ ಸ್ವಇಚ್ಛಾ ಹೇಳಿಕೆಯಿಂದ ಕದ್ದ ಮಾಲು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟ ಅಷ್ಟು ಮಾತಿಗೆ ಮಾತ್ರ ಬೆಲೆ. ಹಾಗಾಗಿ ನಮ್ಮ ಕಥೆಗಳಲ್ಲಿ ಆರೋಪಿಗೆ ಹೊಡೆಯುವುದೂ ಇಲ್ಲ, ಕಿರುಚುವುದೂ ಇಲ್ಲ. ಎಲ್ಲರೂ ಮಾಲು ಹುಡುಕುತ್ತಾರೆ, ಮತ್ತೆ ಪಂಚರನ್ನು ಹುಡುಕುತ್ತಾರೆ.

ಈಗ ಅತ್ತೆಯ ಕಥೆಗೆ ಬರುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಅದು.

ಹತ್ತನೇ ಎಪಿಸೋಡಿನಲ್ಲಿ ಗಿರಿಜಾಳ ಅತ್ತೆಯ ಸರ ಹೋಗುತ್ತದೆ. ತರಕಾರಿ ತರುವಾಗ ಬೈಕಿನಲ್ಲಿ ಬಂದವನು ಕಿತ್ತುಕೊಳ್ಳುತ್ತಾನೆ. ತಾಳಿ ಮಾತ್ರ ಸೆರಗಿನಲ್ಲಿ ಉಳಿಯುತ್ತದೆ. ಅತ್ತೆ ಯಾರಿಗೂ ಹೇಳುವುದಿಲ್ಲ. ಸೊಸೆಯೇ ಕ್ರೈಂ ಪಿಎಸ್‌ಐ, ಅವಳ ಮನೆಯವರ ಸರವೇ ಹೋಯಿತು ಅಂದರೆ ಅವಳ ಮರ್ಯಾದೆ ಏನಾಗಬೇಕು? ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿ, ಸೆರಗು ಹೊದ್ದು ಓಡಾಡುತ್ತಾರೆ. ಮೂರು ಎಪಿಸೋಡು ಗಿರಿಜಾ ಬೇರೆಯವರ ಸರಗಳ್ಳನಿಗಾಗಿ ಸಿಸಿಟಿವಿ ನೋಡುತ್ತಾಳೆ. ಒಂದು ಅಂಗಡಿಯ ಕ್ಯಾಮೆರಾ ತನ್ನ ಗಲ್ಲಾಪೆಟ್ಟಿಗೆಗೆ ಮಾತ್ರ ತಿರುಗಿದೆ, ಇನ್ನೊಂದರ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದೆ. ಪಕ್ಕದಲ್ಲೇ ಡಬ್ಬಿ ಕಟ್ಟಿಕೊಡುವ ಅತ್ತೆಯ ಕುತ್ತಿಗೆ ಅವಳಿಗೆ ಕಾಣುವುದಿಲ್ಲ.

ಒಂದು ಬೆಳಿಗ್ಗೆ ಸೆರಗು ಜಾರುತ್ತದೆ.

"ಸರ ಎಲ್ಲಿ ಅತ್ತೆ?"

"ಪಾಲಿಶ್‌ಗೆ ಕೊಟ್ಟಿದ್ದೀನಮ್ಮ."

"ಯಾವ ಅಂಗಡಿ?"

"ನಗರ್ತಪೇಟೆ."

"ಯಾವತ್ತು?"

"ಶುಕ್ರವಾರ."

"ಚೀಟಿ ಕೊಟ್ಟಿದ್ದಾರಾ?"

ಈ ದೃಶ್ಯವನ್ನು ನಾಲ್ಕು ಸಲ ಬರೆದೆ. ಮೊದಲ ಮೂರು ಸಲವೂ ಅತ್ತೆ ಅತ್ತುಬಿಟ್ಟರು, ದೃಶ್ಯ ಬಿದ್ದುಹೋಯಿತು. ನಾಲ್ಕನೇ ಸಲ ಹಳೆಯ ಸ್ಕ್ರಿಪ್ಟ್ ತೆಗೆದೆ. ಮೂರನೇ ಎಪಿಸೋಡಿನಲ್ಲಿ ಒಬ್ಬ ಆರೋಪಿಯನ್ನು ಕೇಳಿದ್ದ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಗಿರಿಜಾಳ ಬಾಯಿಗೆ ಇಟ್ಟೆ. ನಾಲ್ಕನೇ ಪ್ರಶ್ನೆಗೆ ಬರುವಾಗ ತಾನು ಯಾರನ್ನು ವಿಚಾರಣೆ ಮಾಡುತ್ತಿದ್ದೇನೆ ಅಂತ ಅವಳಿಗೇ ಗೊತ್ತಾಗುತ್ತದೆ. ಅವಳು ನಿಲ್ಲಿಸುತ್ತಾಳೆ. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿ, "ಅಮ್ಮಾ, ಅಜ್ಜಿಗೆ ಮೊದ್ಲು ನೀರು ಕೊಡು" ಅನ್ನುತ್ತಾಳೆ. ಪಾತ್ರ ಮಾಡಿದ ಹಿರಿಯ ಕಲಾವಿದೆ ಆ ನೀರನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ ರೀತಿ ಈಗಲೂ ನನ್ನ ಕಣ್ಣಲ್ಲಿದೆ. ಅದನ್ನು ನಾನು ಬರೆದಿರಲಿಲ್ಲ.

ಅಲ್ಲಿಂದ ಮುಂದಿನದು ಸರಹದ್ದಿನ ಜಗಳ. ಸರ ಹೋದ ರಸ್ತೆಯ ಒಂದು ಬದಿ ಒಂದು ಠಾಣೆಗೆ, ಇನ್ನೊಂದು ಬದಿ ಇನ್ನೊಂದಕ್ಕೆ. ಹೊಸ ಕಾನೂನಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಅತ್ತೆ ಮಾತ್ರ, "ನಾನು ನಿಂತಿದ್ದು ಈ ಕಡೆ, ಚೀಲ ಇದ್ದಿದ್ದು ಆ ಕಡೆ" ಅಂತ ಇಬ್ಬರಿಗೂ ಪ್ರಾಮಾಣಿಕವಾಗಿ ವಿವರಿಸುತ್ತಾ ಹೋಗುತ್ತಾರೆ. ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಕಿತ್ತುಕೊಂಡು ಹೋಗುವುದಕ್ಕೆಂದೇ ಇದೆ. ಅದನ್ನು ಪಟ್ಟಿ ನೋಡದೆ ಮೊದಲು ಹೇಳುವುದು ನಮ್ಮ ಹೆಡ್ ಕಾನ್‌ಸ್ಟೆಬಲ್. ಠಾಣೆಯವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ಕೇಸು ಗಿರಿಜಾಳ ಕೈಗೆ ಬರುವುದಿಲ್ಲ, ಬರಲೂ ಬಾರದು. ಅವಳು ಉಳಿದ ಎಲ್ಲ ಪಿರ್ಯಾದುದಾರರ ಹಾಗೆ ಬೆಂಚಿನ ಮೇಲೆ ಕಾಯುತ್ತಾಳೆ.

ಕೊನೆಯ ಎಪಿಸೋಡಿಗೆ ಚಾನೆಲ್‌ನವರು ಸರ ವಾಪಸ್ ಬರಲಿ ಅಂದರು. ಅತ್ತೆಯ ಕುತ್ತಿಗೆಗೆ ಸೊಸೆ ಹಾಕಲಿ, ಹಿನ್ನೆಲೆಯಲ್ಲಿ ವೀಣೆ ಇರಲಿ ಅಂತ. ನಾನು ಆ ನಿವೃತ್ತ ಹೆಡ್ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿದೆ. "ಸರ ಎಲ್ಲಿ ಸ್ವಾಮಿ ಸಿಗುತ್ತೆ, ಅಷ್ಟು ಹೊತ್ತಿಗೆ ಕರಗಿಸಿರ್ತಾರೆ. ಎಷ್ಟೋ ಸಲ ನಮಗೆ ಸಿಗೋದು ಗಟ್ಟಿ" ಅಂದರು. ಅದನ್ನೇ ಬರೆದೆ. ಎರಡು ಮೀಟಿಂಗ್ ಆಯಿತು, ಕೊನೆಗೆ ಒಪ್ಪಿದರು.

ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು, ಅತ್ತೆ ಸಹಿ ಮಾಡುತ್ತಾರೆ. ಲಕೋಟೆಯಿಂದ ಒಂದು ಸಣ್ಣ ಚಿನ್ನದ ಗಟ್ಟಿ ಅಂಗೈಗೆ ಬೀಳುತ್ತದೆ. ತೂಕ ಸ್ವಲ್ಪ ಕಡಿಮೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮದುವೆಯ ಸರ, ಮೂವತ್ತೆಂಟು ವರ್ಷ ಕುತ್ತಿಗೆಯಲ್ಲಿದ್ದದ್ದು. ಗಿರಿಜಾ ಪಕ್ಕದಲ್ಲಿ ಯೂನಿಫಾರ್ಮ್‌ನಲ್ಲಿ ನಿಂತಿದ್ದಾಳೆ, ಕೈಯಲ್ಲಿ ಡಬ್ಬಿ.

"ಇದನ್ನ ಹೇಗೆ ಹಾಕ್ಕೊಳ್ಳೋದಮ್ಮ?" ಅಂತ ಅತ್ತೆ ಕೇಳುತ್ತಾರೆ.

ಸೊಸೆಗೆ ಒಂದು ಉತ್ತರ ಬರೆದಿದ್ದೆ. ಶೂಟಿಂಗ್ ದಿನ ಬೆಳಿಗ್ಗೆ ಅದನ್ನು ಹೊಡೆದುಹಾಕಿದೆ.