ರೋಮ್‌ನಲ್ಲಿ ಜೇಬು ಸುಡದಂತೆ ಉಣ್ಣುವುದು ಹೇಗೆ?

ರೋಮ್ ನೋಡುವುದು ಸುಲಭ. ಅಲ್ಲಿ ಊಟ ಮಾಡುವುದೇ ಕಷ್ಟ. ನಮ್ಮ ಭಾವ ಒಂದು ಮೀನಿಗೆ 72 ಯೂರೊ ತೆತ್ತು ಬಂದರು. ಯಾರೂ ಮೋಸ ಮಾಡಿರಲಿಲ್ಲ, ಇವರು ಮೆನು ಸರಿಯಾಗಿ ಓದಿರಲಿಲ್ಲ ಅಷ್ಟೆ.

ಮೊದಲು ಟಿಕೆಟ್. ಕೊಲೋಸಿಯಂಗೆ ಅಧಿಕೃತ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ರೋಮನ್ ಫೋರಂ, ಪ್ಯಾಲಟೈನ್ ಗುಡ್ಡ ಎರಡೂ ಅದೇ ಟಿಕೆಟ್‌ನಲ್ಲಿ ಬರುತ್ತವೆ. ‘ಕ್ಯೂ ಇಲ್ಲದೆ ಒಳಗೆ ಬಿಡಿಸ್ತೀವಿ’ ಅಂತ ಹೊರಗೆ ಅಡ್ಡಹಾಕುವವರ ಕಡೆ ತಿರುಗಿಯೂ ನೋಡಬೇಡಿ.

ನೀರಿನ ಬಾಟಲಿ ಕೊಳ್ಳುವುದು ದಂಡ. ಬೀದಿಬೀದಿಯಲ್ಲಿ ‘ನಾಸೋನೆ’ ಎಂಬ ಕಬ್ಬಿಣದ ನಲ್ಲಿಗಳಿವೆ. ಹಾಗಂದರೆ ದೊಡ್ಡ ಮೂಗು. ಅದರ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗಿ ಬೊಗಸೆ ಹಿಡಿಯುವುದು ಬೇಡ. ಸ್ವಲ್ಪ ಮೆಲ್ಲಗೆ ಮುಚ್ಚಿ. ನನಗೆ ಮೊದಲ ಸಲ ಕನ್ನಡಕಕ್ಕೇ ಅಭಿಷೇಕವಾಗಿತ್ತು.

ಕಾಫಿ ನಿಂತೇ ಕುಡಿಯಿರಿ. ಕೂತರೆ ರೇಟು ಬೇರೆ. ಎಷ್ಟೋ ಕಡೆ ನಮ್ಮ ದರ್ಶಿನಿ ಥರಾನೇ, ಮೊದಲು ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿಗೆ ಹೋಗಬೇಕು.

ಈಗ ರಾತ್ರಿ ಊಟ. ಇಲ್ಲೇ ಎಲ್ಲರೂ ಎಡವುವುದು. ಕಾರಂಜಿ, ಗುಮ್ಮಟ ಕಾಣುವ ಟೇಬಲ್ ಬೇಡ. ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ, ಮೆನುವಿನಲ್ಲಿ ತಿಂಡಿಗಳ ಫೋಟೊ ಇದ್ದರೆ ಮುಂದೆ ಹೋಗಿ. ಹತ್ತು ನಿಮಿಷ ನಡೆದು ಒಳಗಿನ ಗಲ್ಲಿ ಹಿಡಿಯಿರಿ. ಏಳೂವರೆಗೆ ಮುಂಚೆ ಒಳ್ಳೆಯ ಕಡೆ ಒಲೆ ಹಚ್ಚುವುದು ಕಮ್ಮಿ. ಅಷ್ಟರಲ್ಲಿ ಹಸಿವಾದರೆ ತೂಕದ ಪಿಜ್ಜಾ ಇದೆ. ಎಷ್ಟಗಲ ಬೇಕೆಂದು ಕೈಯಲ್ಲಿ ತೋರಿಸಿ, ಕತ್ತರಿಸಿ ತೂಗಿ ಕೊಡುತ್ತಾರೆ.

ಕೂರುವ ಮೊದಲು ಬಾಗಿಲ ಬಳಿ ತೂಗುಹಾಕಿದ ಮೆನು ಪೂರ್ತಿ ಓದಿ. ಮೀನಿನ ಮುಂದೆ ‘ಎತ್ತೊ’ ಅಂತಿದ್ದರೆ ಅದು ನೂರು ಗ್ರಾಮಿನ ಬೆಲೆ. ಭಾವ ನೋಡಿದ್ದು 9 ಯೂರೊ. ಬಂದ ಮೀನು 800 ಗ್ರಾಂ. ಆರ್ಡರ್ ಮಾಡುವ ಮುಂಚೆ ತೂಕ ಮಾಡಿ ತೋರಿಸಲು ಕೇಳಿ, ನಾಚಿಕೆ ಬೇಡ.

ಸಸ್ಯಾಹಾರಿಗಳೇ, ‘ಅಮಾತ್ರಿಚಾನಾ’ ಪಾಸ್ತಾ ನೋಡಲು ಬರೀ ಟೊಮೆಟೊ ಗೊಜ್ಜು. ಒಳಗೆ ಹಂದಿಯ ಕೆನ್ನೆ ಮಾಂಸ ಇರುತ್ತದೆ. ‘ಪೆಪೆರೋನಿ’ ಅಂದರೆ ಪಿಜ್ಜಾ ಮೇಲಿನ ಮಾಂಸ ಅಂದುಕೊಂಡು ಮಾತ್ರ ಹೆದರಬೇಡಿ. ಇಟಲಿಯಲ್ಲಿ ಅದು ದಪ್ಪ ಮೆಣಸಿನಕಾಯಿ! ‘ಕಾಚೊ ಎ ಪೆಪೆ’ ಪಾಸ್ತಾ ಅಂದರೆ ಚೀಸು, ಕರಿಮೆಣಸು ಅಷ್ಟೆ. ಆದರೆ ಅದರ ಪೆಕೊರೀನೊ ಚೀಸ್ ಮಾಡಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅದೂ ಬೇಡ ಎನ್ನುವವರು ‘ಪೊಮೊದೊರೊ’, ಅಂದರೆ ಟೊಮೆಟೊ ಪಾಸ್ತಾ ಹೇಳಿ, ಜೊತೆಗೆ ‘ಸೆನ್ಸಾ ಫೋರ್ಮಾಜ್ಜೊ’, ಚೀಸ್ ಇಲ್ಲದೆ, ಅನ್ನಿ.

ಐಸ್‌ಕ್ರೀಂ ಬಗ್ಗೆ ಒಂದೇ ಮಾತು. ಗುಡ್ಡದಂತೆ ಪೇರಿಸಿಟ್ಟ ಗಿಳಿಹಸಿರು ಪಿಸ್ತಾ ಬರೀ ಬಣ್ಣ. ನಿಜವಾದ ಪಿಸ್ತಾ ಮಂಕು ಹಸಿರು, ಸುಮಾರು ಒಣಗಿದ ಕರಿಬೇವಿನ ಬಣ್ಣ.

ಬಿಲ್ಲು ಕೇಳದೆ ಬರುವುದಿಲ್ಲ. ಅರ್ಧ ಗಂಟೆ ಮಾಣಿಯ ಮುಖ ನೋಡುತ್ತಾ ಕೂತವರನ್ನು ಕಂಡಿದ್ದೇನೆ. ‘ಇಲ್ ಕೊಂತೊ’ ಅನ್ನಿ, ಸಾಕು. ಬಂದ ಮೇಲೆ ಸಾಲುಸಾಲು ಓದಿ. ‘ಸೆರ್ವಿತ್ಸಿಯೊ’, ಅಂದರೆ ಬಡಿಸಿದ್ದರ ಶುಲ್ಕ ಸೇರಿದ್ದರೆ ಮತ್ತೆ ಟಿಪ್ಸ್ ಯಾಕೆ? ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲೇ ‘ಕೊಪೆರ್ತೊ’, ಅಂದರೆ ಕೂತಿದ್ದಕ್ಕೆ ಹಾಕುವ ಶುಲ್ಕವನ್ನು ನಿಷೇಧಿಸಿತು. ಹಾಗಾಗಿ ‘ಪಾನೆ’ ಅಂತ ಬ್ರೆಡ್ಡಿನ ಹೆಸರಲ್ಲಿ ಒಂದೆರಡು ಯೂರೊ ಬರುತ್ತದೆ. ಬೇಡವಾದರೆ ಬುಟ್ಟಿ ಬಂದ ತಕ್ಷಣ ವಾಪಸ್ ಕಳಿಸಿ. ನಾನಂತೂ ಕಳಿಸಲ್ಲ. ತಟ್ಟೆಯಲ್ಲಿ ಉಳಿದ ಗೊಜ್ಜು ಒರೆಸಿ ತಿನ್ನಲು ಅದು ಬೇಕೇ ಬೇಕು.