ಉಳುಕಿದ ಕಾಲಲ್ಲಿ ಮತ್ತೆ ಓಡೋದು ಹೇಗೆ, ಅದೂ ಮಲ್ನಾಡಲ್ಲಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಸಣ್ಣ ಉಳುಕಿಗೆ ಮಾತ್ರ. ಪಾದ ಒಳಗಡೆಗೆ ಮಗುಚಿ ಹೊರಗಡೆ ಗಂಟಿನ ಕೆಳಗೆ ಊದ್ಕೊಳ್ಳುತ್ತಲ್ಲ, ಅದಕ್ಕೆ. ಕಾಲೂರಿ ನಾಲ್ಕು ಹೆಜ್ಜೆನೂ ಇಡೋಕಾಗ್ತಿಲ್ಲ, ಇಲ್ಲಾ ಗಂಟಿನ ಮೂಳೆ ಒತ್ತಿದ್ರೆ ಜೀವ ಹೋಗೋ ಹಾಗಾಗುತ್ತೆ, ಅಥವಾ ಕಿರುಬೆರಳ ಕಡೆ ಪಾದದ ಮಧ್ಯ ಉಬ್ಬಿರೋ ಮೂಳೆ ಹತ್ರ ನೋವಿದೆ ಅಂದ್ರೆ ಓದೋದು ನಿಲ್ಸಿ, ಮೊದ್ಲು ಡಾಕ್ಟರ್ ಹತ್ರ ಹೋಗಿ ಎಕ್ಸ್‌ರೇ ತೆಗೆಸಿ.

ನಮ್ಮ ಕಡೆ ಕಾಲು ಉಳುಕಿದ್ರೆ ಸಾಕು, ಎಣ್ಣೆ ಹಾಕಿ ನೀವೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ. ಮೊದಲ ಎರಡ್ಮೂರು ದಿನ ಅವ್ರಿಂದ ದೂರ ಇರಿ, ಬಿಸಿನೀರ ಶಾಖನೂ ಬೇಡ, ಎರಡೂ ಊತ ಜಾಸ್ತಿ ಮಾಡುತ್ತೆ. ಟವೆಲಲ್ಲಿ ಸುತ್ತಿದ ಐಸ್ 15 ನಿಮಿಷ, ಕ್ರೇಪ್ ಬ್ಯಾಂಡೇಜು, ಕಾಲು ದಿಂಬಿನ ಮೇಲೆ. ಹಾಗಂತ ವಾರಗಟ್ಲೆ ಮಲಗೋದೂ ಬೇಡ, ನೋವು ತಡೆಯೋ ಅಷ್ಟು ನಡೀರಿ.

ಜನ ಎಡವೋದು ಇದಾದ್ಮೇಲೆ. ನೋವು ಹೋಯ್ತು, ಊತ ಇಳೀತು, ಇನ್ನೇನು ಅಂತ ಶೂ ಹಾಕ್ಬಿಡ್ತಾರೆ. ನೋವು ಹೋದ್ರೂ ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಲಿಗಮೆಂಟು ಪೂರ್ತಿ ಕೂಡಿರಲ್ಲ, ಜೊತೆಗೆ ಪಾದ ವಾಲ್ತಿದೆ ಅಂತ ತಕ್ಷಣ ತಿಳಿದು ಸರಿ ಮಾಡ್ಕೊಳ್ಳೋ ಚುರುಕು ಕಮ್ಮಿ ಆಗಿರುತ್ತೆ, ಒಂದ್ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕೋಕೆ ಇದೂ ಒಂದು ಕಾರಣ. ಅದಕ್ಕೇ ಓಡೋ ಮುಂಚೆ ಮನೇಲೇ ನೋಡ್ಕೊಳ್ಳಿ. ಜಗಲಿ ಮೇಲೆ ಹಲ್ಲುಜ್ಜುವಾಗ ಉಳುಕಿದ ಕಾಲೊಂದರಲ್ಲೇ 30 ಸೆಕೆಂಡ್ ನಿಲ್ಲಿ, ಸುಲಭ ಅನ್ಸಿದ್ರೆ ಕಂಬದ ಪಕ್ಕ ನಿಂತು ಕಣ್ಮುಚ್ಚಿ ನಿಲ್ಲಿ, ಆಗ ಗೊತ್ತಾಗುತ್ತೆ ಪಾದ ಹೇಗೆ ನಡುಗುತ್ತೆ ಅಂತ. ಆಮೇಲೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು, ಸರಿ ಇರೋ ಕಾಲಲ್ಲಿ ಎಷ್ಟಾಗುತ್ತೋ ಹೆಚ್ಚುಕಮ್ಮಿ ಅಷ್ಟು ಇದರಲ್ಲೂ ಆಗ್ಬೇಕು. ಕುಂಟದೆ ಅರ್ಧ ಗಂಟೆ ಬಿರುಸಾಗಿ ನಡೆದು, ಒಂಟಿಕಾಲಲ್ಲಿ ನಾಲ್ಕೈದು ಸಲ ಕುಪ್ಪಳಿಸಿ, ಮಾರನೇ ದಿನ ಬೆಳಿಗ್ಗೆ ಊತ ಇಲ್ಲ ಅಂದ್ರೆ ಶುರು ಮಾಡ್ಬಹುದು. ಈ ಬ್ಯಾಲೆನ್ಸ್ ಅಭ್ಯಾಸನ ಓಡೋಕೆ ಶುರುವಾದ್ಮೇಲೂ ಬಿಡ್ಬೇಡಿ, ನನ್ ಕೇಳಿದ್ರೆ ಗಂಟಿಗೆ ಆಸರೆಗೆ ಹಾಕೋ ಬ್ರೇಸ್‌ಗೆ ದುಡ್ಡು ಹಾಕೋ ಮುಂಚೆ ಇದು.

ಓಟ ಅಂದ್ರೆ ಮೊದ್ಲು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯೋದು, ಹೀಗೆ ಎಂಟ್ಹತ್ತು ಸಲ, ದಿನ ಬಿಟ್ಟು ದಿನ. ಪಕ್ಕದಲ್ಲಿ ಯಾರೋ ಅಜ್ಜ ಬಿರುಸಾಗಿ ನಡೆದು ನಿಮ್ಮನ್ನ ದಾಟಿ ಹೋಗ್ತಾರೆ, ಹೋಗ್ಲಿ ಬಿಡಿ. ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಅಂತ ಕೊಟ್ಕೊಳ್ಳಿ, ಎರಡ್ರೊಳಗಿದ್ದು ಮಾರನೇ ಬೆಳಿಗ್ಗೆಗೆ ಹೋಗಿದ್ರೆ ಪರ್ವಾಗಿಲ್ಲ, ಓಡ್ತಾ ಓಡ್ತಾ ಏರ್ತಿದ್ರೆ ಅಥವಾ ಕುಂಟೋ ಹಾಗಾದ್ರೆ ಅವತ್ತಿಗೆ ನಡ್ಕೊಂಡು ಮನೆಗೆ. ನೋವಿನ ಮಾತ್ರೆ ನುಂಗಿ ಓಡೋದಂತೂ ಬೇಡ್ವೇ ಬೇಡ, ಮಾರ್ಕ್ಸ್ ಹಾಕೋರನ್ನೇ ಮಲಗಿಸಿದ ಹಾಗೆ ಅದು.

ಆದ್ರೆ ನಮ್ಮೂರಲ್ಲಿ ಎಷ್ಟು ಓಡ್ತೀರ ಅನ್ನೋದಕ್ಕಿಂತ ಎಲ್ಲಿ ಓಡ್ತೀರ ಅನ್ನೋದು ಮುಖ್ಯ. ಶಿವಮೊಗ್ಗದವ್ರಿಗೆ ನೆಹರೂ ಸ್ಟೇಡಿಯಂ ಇದೆ, ತೀರ್ಥಹಳ್ಳಿ ಹೊಸನಗರ ಕಡೆಯವ್ರು ಹೈಸ್ಕೂಲ್ ಮೈದಾನ ಹುಡುಕ್ಕೊಳ್ಳಿ, ಸಮತಟ್ಟಾಗಿರ್ಬೇಕು ಅಷ್ಟೇ. ಟ್ರ್ಯಾಕಲ್ಲಿ ಜಾಗ ಇದ್ರೆ ಅರ್ಧ ಆದ್ಮೇಲೆ ತಿರುಗಿ ಉಲ್ಟಾ ಸುತ್ತು ಹಾಕಿ, ತಿರುವಲ್ಲಿ ಒಂದೇ ಕಾಲಿಗೆ ಭಾರ ಬೀಳಲ್ಲ. ರಸ್ತೆಲಿ ಓಡೋದಾದ್ರೆ ಡಾಂಬರಿನ ಅಂಚು ನೋಡ್ಕೊಳ್ಳಿ. ಮಳೆಗಾಲದಲ್ಲಿ ಆ ಅಂಚಿನ ಪಕ್ಕ ಮಣ್ಣು ಕೊಚ್ಚಿ ಗೇಣುದ್ದ ಇಳಿದಿರುತ್ತೆ, ಮೇಲೆ ಹುಲ್ಲು ಮುಚ್ಚಿರುತ್ತೆ, ಬಸ್ಸಿಗೆ ದಾರಿ ಬಿಡೋಕೆ ಪಕ್ಕಕ್ಕೆ ಸರಿದ್ರೆ ಸೀದಾ ಅದರೊಳಗೇ ಕಾಲು. ಮರದ ನೆರಳಲ್ಲಿ ಪಾಚಿ ಬೇರೆ. ಕೊಯ್ಲಿನ ಟೈಮಲ್ಲಿ ರಸ್ತೆ ಬದಿ ಸುರಿದಿರೋ ಅಡಿಕೆ ಸಿಪ್ಪೆ ರಾಶಿ ಮೆತ್ತಗೆ ಕಾಣುತ್ತೆ, ಅದರ ಮೇಲೆ ಕಾಲಿಟ್ರೆ ಯಾವ ಕಡೆ ವಾಲುತ್ತೋ ದೇವರೇ ಬಲ್ಲ.

ಒಂದು ವಾರಕ್ಕೆ ಒಂದನ್ನೇ ಜಾಸ್ತಿ ಮಾಡಿ. ಮೊದ್ಲು ಓಡೋ ಹೊತ್ತು, ಅರ್ಧ ಗಂಟೆ ನಿಲ್ಲದೆ ಓಡೋಕೆ ಬಂದ್ಮೇಲೆ ಸ್ಪೀಡು, ಏರು ಇಳಿಜಾರು ಎಲ್ಲಕ್ಕಿಂತ ಕೊನೆಗೆ. ಅದ್ರಲ್ಲೂ ಏರಿಗಿಂತ ಇಳಿಯೋದೇ ಕಷ್ಟ. ಪಾದದ ಗಂಟೊಳಗೆ ಟೇಲಸ್ ಅಂತ ಒಂದು ಮೂಳೆ, ಮುಂದೆ ಅಗಲ, ಹಿಂದೆ ಕಿರಿದು. ಇಳಿವಾಗ ಬೆರಳು ಕೆಳಗಾದ್ರೆ ಆ ಕಿರಿದಾದ ಭಾಗ ಗೂಡಿಗೆ ಬಂದು ಗಂಟು ಸಡಿಲ ಆಗುತ್ತೆ, ಆಗ ಸಣ್ಣ ಕಲ್ಲು ಸಿಕ್ರೂ ಮಗುಚೋಕೆ ಸಾಕು. ಹಾಗಾಗಿ ತೀರ್ಥಹಳ್ಳಿ ಕಡೆಯ ಕುಂದಾದ್ರಿ ಬೆಟ್ಟದ ರಸ್ತೆ ಆಸೆ ಇರೋರು ಮೊದಮೊದ್ಲು ಹತ್ತೋದು ಮಾತ್ರ ಓಡಿ, ಕೆಳಗಿಳಿಯೋಕೆ ಬೈಕ್ ತರೋ ಫ್ರೆಂಡ್ ಒಬ್ಬನ್ನ ಒಪ್ಪಿಸ್ಕೊಳ್ಳಿ, ಯಾರೂ ಸಿಗ್ಲಿಲ್ಲ ಅಂದ್ರೆ ಸಣ್ಣ ಸಣ್ಣ ಹೆಜ್ಜೆ ಹಾಕ್ಕೊಂಡು ನಡ್ಕೊಂಡೇ ಇಳೀರಿ.