ಎಸ್ಟೀಮ್ ಕಾರಿಗೆ ವಾಟರ್ ಪಂಪ್ ಆರಿಸಿದ ಬಗೆ

ಎಂಜಿನ್ ತಣ್ಣಗಿರಲು ಅದರೊಳಗೆ ನೀರು ಸುತ್ತಿಸುವ ವಾಟರ್ ಪಂಪ್‌ಗೆ ಮಾರುತಿ ಎಸ್ಟೀಮ್‌ ಕಾರಿನಲ್ಲಿ ಹೆಚ್ಚು ಬೆಲೆಯಿಲ್ಲ, ಅದರ ಹತ್ತಿರ ಹೋಗುವುದೇ ದೊಡ್ಡ ಕೆಲಸ. 1298 ಸಿ.ಸಿ.ಯ ಆ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದು ಆಲ್ಟರ್ನೇಟರ್ ಜೊತೆಗಿರುವ ಹೊರಗಿನ ಬೆಲ್ಟ್. ರೇಡಿಯೇಟರ್ ಫ್ಯಾನು ಕರೆಂಟಿನಲ್ಲಿ ಓಡುವುದಾದರೂ ಗ್ಯಾರೇಜುಗಳಲ್ಲಿ ಈ ಬೆಲ್ಟಿಗೆ ಇಂದಿಗೂ ಫ್ಯಾನ್ ಬೆಲ್ಟ್ ಎಂದೇ ಹೆಸರು. ಪಂಪಿನ ಬಾಡಿ ಮಾತ್ರ ಎಂಜಿನ್ನಿನ ವಾಲ್ವುಗಳ ಲಯ ಕಾಯುವ ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿ ಕುಳಿತಿದೆ. ಕ್ರ್ಯಾಂಕ್ ಪುಲ್ಲಿ, ಕವರ್, ಟೈಮಿಂಗ್ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಎಲ್ಲವನ್ನೂ ಕಳಚಿದ ಮೇಲೆಯೇ ಅದು ಕೈಗೆ ಸಿಗುವುದು.

ನನ್ನ ಗ್ಯಾರೇಜಿಗೆ ಬಂದ ಕಾರಿನ ಮಾಲೀಕರು ನಿವೃತ್ತ ಉಪನ್ಯಾಸಕರು. ವಾರ ವಾರವೂ ರೇಡಿಯೇಟರಿಗೆ ನೀರು ತುಂಬಿಸಬೇಕಾಗಿದೆ, ನೆಲದ ಮೇಲೆ ಸೋರಿಕೆ ಕಾಣುತ್ತಿಲ್ಲ ಎಂಬುದು ಅವರ ದೂರು. ಪಂಪಿನ ಬಾಡಿಯ ಕೆಳಗೆ ವೀಪ್ ಹೋಲ್ ಎಂಬ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಈ ತೂತಿನಿಂದ ಹೊರಬೀಳಲಿ ಎಂದು ಅದನ್ನು ಬಿಟ್ಟಿರುತ್ತಾರೆ. ಇಲ್ಲಿ ಅದರ ಸುತ್ತ ಬಿಳಿಯ ಉಪ್ಪು ಪೊರೆಗಟ್ಟಿತ್ತು. ತೊಟ್ಟಿಕ್ಕಿದ ನೀರು ಬಿಸಿ ಎಂಜಿನ್ನಿನ ಮೇಲೆಯೇ ಆರಿಹೋಗುತ್ತಿತ್ತು.

‘ಅರ್ಧ ಬೆಲೆಗೆ ಲೋಕಲ್ ಪಂಪ್ ಸಿಗುತ್ತದಂತಲ್ಲ?’ ಎಂದರು.

‘ಪಂಪೇನೋ ಅರ್ಧ ಬೆಲೆಗೆ ಸಿಗುತ್ತದೆ ಸರ್. ಆರು ತಿಂಗಳಿಗೆ ಅದು ಕೈಕೊಟ್ಟರೆ ಬಿಚ್ಚುವ ಕೂಲಿಯನ್ನು ಮತ್ತೆ ಪೂರ್ತಿ ಕೊಡಬೇಕು’ ಎಂದೆ. ಒಪ್ಪಿದರು.

ಹೊಸ ಪಂಪ್ ಕೊಳ್ಳುವ ಮೊದಲು ನಾನು ಹಳೆಯದನ್ನು ಬಿಚ್ಚಿ ನೋಡುತ್ತೇನೆ. ಯಾವುದರಿಂದ ಸತ್ತಿತು ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ. ಪುಲ್ಲಿ ಕೂರುವ ಹಬ್ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಬೇರಿಂಗ್ ಹೋಗಿದೆ, ಅದಕ್ಕೆ ಹೆಚ್ಚಿನ ಸಲ ಕಾರಣ ವಿಪರೀತ ಬಿಗಿ ಮಾಡಿದ ಫ್ಯಾನ್ ಬೆಲ್ಟ್. ಇದರಲ್ಲಿ ಬೇರಿಂಗ್ ಗಟ್ಟಿಯಾಗಿಯೇ ಇತ್ತು. ಆದರೆ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರಿನ ರೆಕ್ಕೆಗಳ ಅಂಚು ತುಕ್ಕು ತಿಂದು ಹಪ್ಪಳದಂತೆ ತೆಳ್ಳಗಾಗಿತ್ತು, ಒಳಗೆಲ್ಲ ಕಂದು ರಾಡಿ. ತುಕ್ಕು ತಡೆಯುವ ಕೂಲೆಂಟ್ ಹಾಕದೆ ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಸುರಿದ ಫಲ. ಆ ರಾಡಿಯ ಗಡಸು ಕಣಗಳೇ ಸೀಲಿನ ನುಣುಪಾದ ಮುಖವನ್ನು ಗೀರಿದ್ದವು. ಇಂಥ ಎಂಜಿನ್ನಿಗೆ ಎಷ್ಟೇ ಒಳ್ಳೆಯ ಪಂಪ್ ಕೂರಿಸಿದರೂ ಮೊದಲು ಎಂಜಿನ್ ಬ್ಲಾಕಿನ ಒಳಗಿನ ನೀರಿನ ದಾರಿ ತೊಳೆಯದಿದ್ದರೆ ಪ್ರಯೋಜನವಿಲ್ಲ.

ಹಳೆಯ ಪಂಪನ್ನು ಚೀಲಕ್ಕೆ ಹಾಕಿಕೊಂಡು ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ‘ಎಸ್ಟೀಮ್ ಪಂಪ್ ಕೊಡಿ’ ಎಂದು ಬಾಯಲ್ಲಿ ಕೇಳುವುದಕ್ಕೂ ಹಳೆಯದನ್ನು ಕೌಂಟರಿನ ಮೇಲೆ ಇಟ್ಟು ಕೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಅಂಗಡಿಯವರು ಬೇರೆ ಬೇರೆ ಬೆಲೆಯ ಪಂಪುಗಳನ್ನು ಸಾಲಾಗಿ ಜೋಡಿಸಿದರು.

ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದೆ. ಅಗ್ಗದ ಪಂಪಿನಲ್ಲಿ ಒಂದು ಮೂಲೆಯಿಂದ ಬೆಳಕು ಇಣುಕಿತು. ಆಮೇಲೆ ಅದೇ ಮುಖದಿಂದ ಇಂಪೆಲ್ಲರಿನ ತುದಿಯವರೆಗಿನ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದೆ. ಬಹಳ ಮಂದಿ ನೋಡದೆ ಬಿಡುವುದು ಇದನ್ನೇ. ಈ ಎತ್ತರ ಕಡಿಮೆಯಾದರೆ ರೆಕ್ಕೆಗೂ ಬ್ಲಾಕಿಗೂ ನಡುವೆ ಸಂದು ಹೆಚ್ಚಿ ನೀರು ಮುಂದೆ ಹೋಗದೆ ಅಲ್ಲೇ ಸುತ್ತುತ್ತದೆ. ಹೆದ್ದಾರಿಯಲ್ಲಿ ಗೊತ್ತಾಗದೆ ಇರಬಹುದು, ಸಿಗ್ನಲ್ಲಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ. ಅಗ್ಗದ ಪಂಪು ಇದರಲ್ಲೂ ಒಂದು ಮಿಲಿಮೀಟರಿಗಿಂತ ಹೆಚ್ಚು ಗಿಡ್ಡ.

ಇನ್ನು ಕೈಯಿಂದ ತಿರುಗಿಸಿ ನೋಡುವುದು. ಗರಗರನೆ ಸಲೀಸಾಗಿ ಸುತ್ತುವುದೇ ಒಳ್ಳೆಯ ಪಂಪ್ ಎಂದು ಹಲವರು ನಂಬಿದ್ದಾರೆ. ಸೀಲಿನ ಎರಡು ಮುಖಗಳು ಒತ್ತಿಕೊಂಡಿರುವುದರಿಂದ ಹೊಸ ಪಂಪ್ ತುಸು ಬಿಗಿಯಾಗಿಯೇ ತಿರುಗಬೇಕು, ಒಂದೇ ಸಮನಾಗಿ, ಮರಳು ಸಿಕ್ಕಂತಾಗದೆ. ನೀರಿಲ್ಲದೆ ಜೋರಾಗಿ ಸುತ್ತಿಸಿದರೆ ಸೀಲ್ ಹಾಳಾಗುತ್ತದೆ, ಒಂದೆರಡು ಸುತ್ತು ಸಾಕು.

ಪೆಟ್ಟಿಗೆಯ ಮೇಲಿನ ಹೆಸರೊಂದನ್ನೇ ನಾನು ನೆಚ್ಚುವುದಿಲ್ಲ, ಹೆಸರಾಂತ ಕಂಪನಿಗಳ ಪೆಟ್ಟಿಗೆಗೂ ನಕಲು ಬರುತ್ತದೆ. ಎಸ್ಟೀಮ್ ತಯಾರಿಕೆ ನಿಂತು ಎಷ್ಟೋ ಕಾಲವಾಗಿರುವುದರಿಂದ ಕಂಪನಿಯದೇ ಒರಿಜಿನಲ್ ಸಿಕ್ಕರೂ ಹಳೆಯ ದಾಸ್ತಾನಾಗಿರಬಹುದು. ಗ್ಯಾಸ್ಕೆಟ್ ಮಡಿಚಿದರೆ ಸೀಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಲ್ಲ ಅಳತೆಯೂ ಹೊಂದಿದ್ದು ಜಿ.ಎಂ.ಬಿ. ಕಂಪನಿಯ ಪಂಪಿಗೆ. ಬಿಲ್ಲು ಕೇಳಿ ಪಡೆದೆ. ಬಿಲ್ಲು ಕೊಡಲು ಹಿಂಜರಿಯುವ ಅಂಗಡಿಯಲ್ಲಿ ನಾನು ಪಂಪ್ ಕೊಳ್ಳುವುದಿಲ್ಲ.

ನೀರಿನ ಬಿಸಿ ನೋಡಿ ತೆರೆಯುವ ಥರ್ಮೋಸ್ಟಾಟ್ ತೆಗೆದು, ತಿಳಿನೀರು ಬರುವ ತನಕ ಬ್ಲಾಕ್ ತೊಳೆದೆ. ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್ ಹೇಗೂ ಕೈಯಲ್ಲಿದ್ದವು, ಅವೂ ಹೊಸವಾದವು. ಗ್ಯಾಸ್ಕೆಟ್ ಇರುವ ಕಡೆ ಸಿಲಿಕೋನ್ ಪೇಸ್ಟ್ ಮೆತ್ತಲಿಲ್ಲ. ಹೆಚ್ಚಾದ ಪೇಸ್ಟ್ ಒಳಗೆ ಕಿತ್ತುಬಂದು ರೇಡಿಯೇಟರಿನ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ 6ರಿಂದ 8 ಮಿಲಿಮೀಟರ್ ಬಗ್ಗುವಷ್ಟು ಬಿಗಿ ಮಾಡಿದೆ. ಕೂಲೆಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಾಳಿಯ ಗುಳ್ಳೆ ನಿಲ್ಲುವವರೆಗೆ ತುಂಬಿಸಿದೆ.

ಮೊದಲ ಕೆಲವು ದಿನ ವೀಪ್ ಹೋಲ್ ಬಳಿ ತುಸು ತೇವ ಕಂಡರೆ ಗಾಬರಿಯಾಗಬೇಡಿ, ಸೀಲ್ ಕೂರುವಾಗ ಹಾಗಾಗುತ್ತದೆ, ಹನಿ ಬೀಳುತ್ತಲೇ ಇದ್ದರೆ ಮಾತ್ರ ಕಾರು ತನ್ನಿ ಎಂದು ಉಪನ್ಯಾಸಕರಿಗೆ ಹೇಳಿದೆ. ಡಿಕ್ಕಿಯಲ್ಲಿದ್ದ ಬೋರ್‌ವೆಲ್ ನೀರಿನ ಕ್ಯಾನನ್ನು ಖಾಲಿ ಮಾಡಿಸಿ, ಉಳಿದ ಕೂಲೆಂಟನ್ನು ಬಾಟಲಿಗೆ ಹಾಕಿ ಕೊಟ್ಟೆ.